ಚಿಮಣಿಯ ಅರ್ಧ ಇಂಚು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ಘಾಟ್ಕೋಪರಿನ ನಮ್ಮ ಬಿಲ್ಡಿಂಗಿಗೆ ಅವರು ಬಂದ ಹೊಸತರಲ್ಲಿ, ಕೆಳಗಿನ ಬೋರ್ಡಿನಲ್ಲಿ ಎಲ್ಲರ ಹೆಸರಿನ ಜೊತೆ ಅವರದನ್ನೂ ಬರೆಸಿದ್ದೆವು. ಮಾರನೇ ದಿನ ಬೆಳಿಗ್ಗೆಯೇ ಸ್ಟೂಲು ಹತ್ತಿ, ಸ್ಕೇಲು ಹಿಡಿದು ನೋಡಿ, ತಮ್ಮ ಹೆಸರಿನ ಅಕ್ಷರ ಪಕ್ಕದವರ ಅಕ್ಷರಕ್ಕಿಂತ ಒಂದು ನೂಲು, ಎಂದರೆ ಇಂಚಿನ ಎಂಟನೇ ಒಂದು ಪಾಲು, ಗಿಡ್ಡವೆಂದು ಪತ್ತೆ ಮಾಡಿದರು. ಸರಿ ಮಾಡಿಸುತ್ತೇವೆ ಮಾರಾಯ್ರೆ ಎಂದರೂ ಕೇಳಲಿಲ್ಲ. "ತಪ್ಪ ಅಳತೀ ಹೆಸರು ಇರೂದಕ್ಕಿಂತ ಹೆಸರs ಇರದಿದ್ರ ಚಲೋರೀ ಟೀಚರ್ರ," ಎಂದು ಪೂರಾ ಅಳಿಸಿ ಹಾಕಿಸಿದರು. ಕೊನೆಯವರೆಗೂ ಆ ಜಾಗ ಖಾಲಿಯೇ ಇತ್ತು. ಕೊರಿಯರಿನವರು ಬಂದರೆ ನನ್ನ ಬೆಲ್ ಒತ್ತಿ, "ಕುತ್ತೇವಾಲೇ ಅಂಕಲ್ ಕಿಧರ್?" ಎಂದು ನಾಯಿ ಸಾಕಿದ ಅಂಕಲನ್ನು ಕೇಳುತ್ತಿದ್ದರು. ನಾನು ಎದುರಿನ ಬಾಗಿಲು ತೋರಿಸುತ್ತಿದ್ದೆ.

ನಾನು ಉಡುಪಿ ಕಡೆಯವಳು. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ರಿಟೈರ್ ಆದವಳು, ಆಮೇಲೆ ಕೈ ಖಾಲಿ ಇರಬಾರದೆಂದು ಸೊಸೈಟಿಯ ಸೆಕ್ರೆಟರಿ ಆದವಳು. ಅವರು ಮುಧೋಳದ ಕಡೆಯವರು. ಪರೇಲಿನ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಕಬ್ಬಿಣದ ತುಂಡನ್ನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದಂತೆ ಕೂರಿಸುವುದು ಅವರ ಕೆಲಸ. ಆ ಚಟ ಮನೆಗೂ ಬಂತು. ಕನ್ಯೆ ನೋಡಲು ಹೋದವರು, ಹುಡುಗಿಯನ್ನು ನೋಡುವ ಮೊದಲು ಮಾವನಾಗಬೇಕಿದ್ದವರ ಬಾಗಿಲ ಚೌಕಟ್ಟು ನೋಡಿ, "ಇದು ಅರ್ಧ ಇಂಚು ವಾಲೈತ್ರಿ," ಎಂದರಂತೆ. ಅಲ್ಲಿಗೆ ಆ ಸಂಬಂಧ ಮುಗಿಯಿತು. ಮುಂದಿನ ಎರಡು ಮನೆಗಳ ಚೌಕಟ್ಟುಗಳೂ ನೆಟ್ಟಗಿರಲಿಲ್ಲವಂತೆ, ಹಾಗಾಗಿ ಬ್ರಹ್ಮಚಾರಿಯಾಗಿಯೇ ಉಳಿದರು.

ಸ್ಟೇಷನ್ ಬಳಿಯ ಉಡುಪಿ ಹೋಟೆಲಿನಲ್ಲಿ ಅವರಿಗೆ ಬೇರೆಯೇ ಮರ್ಯಾದೆ. ಭಾನುವಾರದ ಪೇಪರ್ ದೋಸೆಯನ್ನು ತಿನ್ನುವ ಮೊದಲು ಗೇಣು ಹಾಕಿ ನೋಡುತ್ತಿದ್ದರು. "ಹ್ವಾದ ವಾರದಕಿಂತ ಎರಡು ಬೆರಳು ಕಮ್ಮಿ." ಹೋಟೆಲಿನ ಶೆಟ್ರು ನನ್ನ ಹತ್ತಿರ ಬಂದು, "ನಿಮ್ಮ ಬಿಲ್ಡಿಂಗಿನ ಜನ ಎಂತದ್ದು ಟೀಚರೇ, ದೋಸೆ ತಿನ್ಲಿಕ್ಕೆ ಬರೋದಾ, ಸರ್ವೇ ಮಾಡ್ಲಿಕ್ಕೆ ಬರೋದಾ?" ಎಂದು ಕೇಳಿದ್ದುಂಟು. ಆದರೂ ಅವರ ತಲೆ ಬಾಗಿಲಲ್ಲಿ ಕಂಡದ್ದೇ, ಒಳಗೆ ಕೂಗಿ ಹೇಳುತ್ತಿದ್ದರು: "ಏ, ಉದ್ದ ಹೊಯ್ಯಿ, ಉದ್ದ ಹೊಯ್ಯಿ!"

ಇಂಥವರು ನಾಯಿಗಳ ಜಡ್ಜ್ ಆಗದೆ ಇನ್ನೇನಾಗಬೇಕು ಹೇಳಿ. ಚಳಿಗಾಲದ ಭಾನುವಾರಗಳಲ್ಲಿ ಪವಾಯಿ ಕಡೆಯ ಒಂದು ಮೈದಾನದಲ್ಲಿ ಡಾಗ್ ಶೋ ನಡೆಯುತ್ತಿತ್ತು. ಕೆಲಸದ ನಾಯಿಗಳೆಂದರೆ, ಬೇಟೆಯವು, ಕಾವಲಿನವು, ಕುರಿ ಕಾಯುವವು, ಇವುಗಳ ಎತ್ತರ ಅಳೆಯುವ ಹೊಣೆ ಇವರದು. ಅದಕ್ಕೆಂದೇ ವರ್ಕ್‌ಶಾಪಿನಲ್ಲಿ ತಾವೇ ಒಂದು ಕೋಲು ಮಾಡಿಕೊಂಡಿದ್ದರು. ನೆಟ್ಟಗೆ ನಿಲ್ಲುವ ತೇಗದ ಕೋಲು, ಮೇಲೆ ಕೆಳಗೆ ಜಾರುವ ಒಂದು ಹಿತ್ತಾಳೆಯ ತೋಳು, ಆ ತೋಳಿನ ಮೇಲೆ ನೀರಿನ ಗುಳ್ಳೆಯ ಸಣ್ಣ ಗಾಜಿನ ಕೊಳವೆ. ನಾಯಿಯನ್ನು ಸಪಾಟು ನೆಲದ ಮೇಲೆ ನಾಲ್ಕೂ ಕಾಲೂರಿಸಿ ನಿಲ್ಲಿಸಬೇಕು. ತಲೆಯಿಂದಲ್ಲ, ಕಿವಿಯಿಂದಲ್ಲ, ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಹೆಗಲೆಲುಬಿನಿಂದ ನೆಲದವರೆಗೆ ಅಳೆಯಬೇಕು. ಮೂರು ಸಲ ಅಳೆಯಬೇಕು. ಪುಸ್ತಕದಲ್ಲಿ ಆ ಜಾತಿಗೆ ಬರೆದಿರುವ ಎತ್ತರಕ್ಕಿಂತ ಒಂದು ನೂಲು ಹೆಚ್ಚಿದ್ದರೂ ಆ ನಾಯಿ ಹೊರಗೆ.

"ಒಂದು ನೂಲು ಹೆಚ್ಚಾದರೆ ಆಕಾಶ ಬೀಳುತ್ತದಾ?" ಎಂದು ನಾನೊಮ್ಮೆ ಕೇಳಿದ್ದೆ.

"ಆಕಾಶ ಬೀಳಂಗಿಲ್ರೀ, ನಾಯಿ ಬೀಳ್ತೈತಿ," ಎಂದರು. "ಮೊಲದ ಬೆನ್ನ ಹತ್ತೂ ನಾಯಿ ಭಾಳ ಎತ್ತರ ಆತಂದ್ರ ತಿರುಗೂ ಹೊತ್ತಿಗೆ ಮುಗ್ಗರಸ್ತೈತಿ. ಗಿಡ್ಡ ಆತಂದ್ರ ಮೊಲ ಮನಿ ಮುಟ್ಟಿ ಊಟಕ್ಕ ಕುಂತಿರ್ತೈತಿ. ಪುಸ್ತಕದಾಗಿನ ಇಂಚು ಯಾವ ಸಾಹೇಬನೂ ಕುಂತು ಬರದದ್ದಲ್ಲ. ಮೊಲ ಬರಸಿದ್ದು."

ಒಂದು ಸಲ ನಾನೂ ನೋಡಲು ಹೋಗಿದ್ದೆ. ನನಗೆ ನಾಯಿಯೆಂದರೆ ಜೀವ ಬಾಯಿಗೆ ಬರುತ್ತದೆ, ಹಾಗಾಗಿ ಹಗ್ಗದಿಂದ ದೂರ, ಐಸ್‌ಕ್ರೀಮ್ ಗಾಡಿಯ ಹಿಂದೆ ನಿಂತಿದ್ದೆ. ಕಪ್ಪು ಕನ್ನಡಕದ ಒಬ್ಬರು ದೊಡ್ಡದೊಂದು ಬೇಟೆನಾಯಿ ತಂದಿದ್ದರು. ಅಳೆಯುವ ಕೋಲು ಹತ್ತಿರ ಬಂದ ಕೂಡಲೇ ಅದು ಬೆನ್ನು ತಗ್ಗಿಸಿ, ಕಾಲು ಅಗಲಿಸಿ ಮೂರಿಂಚು ಗಿಡ್ಡವಾಗುತ್ತಿತ್ತು. ಹಾಗೆ ಕಲಿಸಿದ್ದರು ಮಾರಾಯ್ರೆ! ಕೋಟು, ಟೈ ಹಾಕಿದ್ದ ನಮ್ಮ ಜಡ್ಜ್ ಸಾಹೇಬರು ನಾಯಿಗೆ ಒಂದು ಸುತ್ತು ಬಂದು ನೋಡಿದರು. ಆಮೇಲೆ ಅಷ್ಟು ಜನರ ನಡುವೆ ಮೊಣಕಾಲೂರಿ ಕೂತು, ಅದರ ಕಿವಿಯ ಬಳಿ "ಮಿಯಾಂವ್" ಎಂದರು. ನಾಯಿ ಗಡಬಡಿಸಿ ನೆಟ್ಟಗೆ ನಿಂತಿತು. ಕೋಲು ಕೂತಿತು. ಎರಡಿಂಚು ಹೆಚ್ಚು! ಕಪ್ಪು ಕನ್ನಡಕದವರು ಕೂಗಾಡಿದರು. ಇವರು ಶಾಂತವಾಗಿ ಹೇಳಿದರು, "ನಾಯಿ ಸುಳ್ಳ ಹೇಳಂಗಿಲ್ರೀ. ಹಗ್ಗ ಹಿಡದಾಂವ ಹೇಳ್ತಾನ."

ಇಷ್ಟೆಲ್ಲ ಮಾಡುವವರ ಮನೆಯಲ್ಲೇ ಒಂದು ನಾಯಿ ಅಳತೆ ಮೀರಿ ಬೆಳೆಯಬೇಕೇ? ಅದು ಚಿಮಣಿ. ಊರಿನಿಂದ ಟವೆಲಿನಲ್ಲಿ ಸುತ್ತಿ ತಂದಾಗ ಅಂಗೈಯಷ್ಟಿತ್ತು, ಅದಕ್ಕೇ ಆ ಹೆಸರು. ಚಿಮಣಿ ಎಂದರೆ ಮರಾಠಿಯಲ್ಲಿ ಗುಬ್ಬಚ್ಚಿ. ಮುಧೋಳ ಜಾತಿಯ ಹೆಣ್ಣುನಾಯಿ. ಮೂತಿ ಚೂಪು, ಹೊಟ್ಟೆ ಇದೆಯೋ ಇಲ್ಲವೋ ಎಂಬಂತೆ, ಕಾಲುಗಳು ಎಲ್ಲಿಂದಲೋ ಶುರುವಾಗಿ ಎಲ್ಲಿಗೋ ಮುಗಿಯುವಂಥವು. ಇವರ ಜೀವಮಾನದ ಆಸೆ ಒಂದೇ: ತಾನು ಸಾಕಿದ ಒಂದು ನಾಯಿ ರಿಂಗಿನಲ್ಲಿ ನಿಲ್ಲಬೇಕು, ಬೇರೆ ಜಡ್ಜ್ ಬಂದು ಅಳೆದು "ಸರಿ" ಅನ್ನಬೇಕು. ಇವರ ಪುಸ್ತಕದ ಪ್ರಕಾರ ಅಂಥ ಹೆಣ್ಣುನಾಯಿಗೆ ಇಪ್ಪತ್ತಾರು ಇಂಚೇ ಕೊನೆ. ಕೋಲಿನ ಮೇಲೆ ಆ ಜಾಗದಲ್ಲಿ ಕೆಂಪು ದಾರ ಕಟ್ಟಿಟ್ಟಿದ್ದರು. ಚಿಮಣಿ ಬೆಳೆಯಿತು, ಬೆಳೆಯಿತು, ಕೆಂಪು ದಾರ ಮುಟ್ಟಿತು, ಅಲ್ಲಿಗೆ ನಿಲ್ಲಲಿಲ್ಲ. ಇಪ್ಪತ್ತಾರೂವರೆಗೆ ನಿಂತಿತು.

ಅರ್ಧ ಇಂಚು. ಬಾಗಿಲ ಚೌಕಟ್ಟಿನಲ್ಲಿದ್ದ ಅದೇ ಅರ್ಧ ಇಂಚು ಎಂದು ನಾನು ನಕ್ಕೆ. ಅವರು ನಗಲಿಲ್ಲ. ತಿಂಗಳಿಗೊಮ್ಮೆ ಚಿಮಣಿಯನ್ನು ನಿಲ್ಲಿಸಿ ಅಳೆಯುವುದು, ಕೆಂಪು ದಾರ ನೋಡುವುದು, ಮತ್ತೆ ಅಳೆಯುವುದು. "ಬೆಳದದ್ದು ಕುಗ್ಗಂಗಿಲ್ಲಲ್ರೀ," ಎಂದು ನನ್ನನ್ನೇ ಕೇಳುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಉಗುರು ಕತ್ತರಿಸಿ, ಕೂದಲು ಒತ್ತಿ, ರಿಂಗಿಗೆ ಕರೆದೊಯ್ಯುತ್ತಿದ್ದರು. ಇವರು ಒಂದು ದಿನವೂ ಕರೆದೊಯ್ಯಲಿಲ್ಲ. ಶೋಗೆ ಹೊರಟಾಗ ಚಿಮಣಿ ಬಾಗಿಲವರೆಗೆ ಬಾಲ ಆಡಿಸಿಕೊಂಡು ಬರುತ್ತಿತ್ತು, ಅವರು ಅದರ ತಲೆ ಸವರಿ ಒಳಗೆ ಬಿಟ್ಟು ಬಾಗಿಲೆಳೆದುಕೊಳ್ಳುತ್ತಿದ್ದರು.

ಈಗ ನನ್ನ ಪಾಪದ ಕಥೆ. ಚೌತಿಯ ದಿನ ಬೆಳಿಗ್ಗೆ, ಮಡಿಸೀರೆ ಉಟ್ಟು, ತಟ್ಟೆ ತುಂಬ ಮೋದಕ ಇಟ್ಟುಕೊಂಡು ಕೆಳಗಿನ ಸಾರ್ವಜನಿಕ ಗಣಪತಿಗೆ ಒಯ್ಯುತ್ತಿದ್ದೆ. ಲಿಫ್ಟ್ ಬಾಗಿಲು ಮುಚ್ಚುವಷ್ಟರಲ್ಲಿ ಇವರೂ ಚಿಮಣಿಯೂ ಒಳಗೆ ಬಂದರು. ನಾನು ಮೂಲೆಗೆ ಅಂಟಿಕೊಂಡು, ಕಣ್ಣು ಮುಚ್ಚಿ, ಗಣಪತಿಯನ್ನೇ ನೆನೆಯುತ್ತ ನಿಂತೆ. ಕಣ್ಣು ಬಿಟ್ಟಾಗ ಗ್ರೌಂಡ್ ಫ್ಲೋರ್ ಬಂದಿತ್ತು, ತಟ್ಟೆಯಲ್ಲಿ ಐದು ಮೋದಕ ಇರಲಿಲ್ಲ. ಚಿಮಣಿ ಕುತ್ತಿಗೆಯನ್ನೂ ಎತ್ತಬೇಕಾಗಿರಲಿಲ್ಲ. ಅದರ ಬಾಯಿ, ನನ್ನ ತಟ್ಟೆ, ಎರಡೂ ಒಂದೇ ಮಟ್ಟದಲ್ಲಿದ್ದವು. ಅವರು ಕೈಮುಗಿದರು, "ತಪ್ಪಾತ್ರಿ" ಎಂದರು. ಅಷ್ಟಕ್ಕೇ ಸುಮ್ಮನಿದ್ದರೆ ಸರಿಹೋಗುತ್ತಿತ್ತು. ತಟ್ಟೆ ಬಗ್ಗಿ ನೋಡಿ, "ಉಳದದ್ದು ಒಂದಕ್ಕೊಂದು ಸಮ ಇಲ್ಲ ನೋಡ್ರಿ, ಅದಕ್ಕs ದೊಡ್ಡು ಆರಿಸಿ ತಿಂದೈತಿ," ಎಂದುಬಿಟ್ಟರು!

ನನ್ನ ಮೋದಕದ ಅಳತೆಗೆ ಬಂದರಲ್ಲ, ನನಗೆ ಉರಿದುಹೋಯಿತು. ಮುಂದಿನ ವಾರದ ಮೀಟಿಂಗಿನಲ್ಲಿ ಒಂದು ರೂಲ್ ತಂದೆ: ಎರಡು ಅಡಿಗಿಂತ ಎತ್ತರದ ನಾಯಿ ಬಿಲ್ಡಿಂಗಿನಲ್ಲಿ ಇರಕೂಡದು. ಎರಡೇ ಅಡಿ ಏಕೆ? ಮೂರನೇ ಮಾಳಿಗೆಯ ಗುಜರಾತಿ ಅಕ್ಕ, ನಾವೆಲ್ಲ ಬೆನ್ ಎನ್ನುತ್ತಿದ್ದವರು, ಸಾಕಿದ ಪಗ್ ನಾಯಿ ಒಂದಡಿ, ಗ್ರೌಂಡ್ ಫ್ಲೋರಿನ ಡಾಕ್ಟರರ ಬಿಳಿ ನಾಯಿ ಒಂದೂವರೆ ಅಡಿ. ಎರಡರ ಮೇಲೆ ಇದ್ದದ್ದು ಚಿಮಣಿ ಮಾತ್ರ. ಬೆನ್ ಕೂಡಲೇ ಕೈಯೆತ್ತಿ ಬೆಂಬಲ ಕೊಟ್ಟರು. ಅವರ ಟೈಗರನಿಗೆ, ಪಗ್‌ನ ಹೆಸರು ಟೈಗರ್, ಚಿಮಣಿ ಕಂಡರೆ ಹೊಟ್ಟೆ ಕೆಡುತ್ತಿತ್ತಂತೆ. ಸೊಸೈಟಿಗೆ ಹಾಗೆಲ್ಲ ರೂಲ್ ಮಾಡುವ ಹಕ್ಕೇ ಇಲ್ಲವೆಂದು ಈಗ ಎಲ್ಲರೂ ಹೇಳುತ್ತಾರೆ. ಆಗ ಯಾರಿಗೆ ಗೊತ್ತಿತ್ತು? ನನ್ನ ಸಿಟ್ಟನ್ನು ಟೈಪ್ ಮಾಡಿಸಿ, ಮೊಹರು ಒತ್ತಿ, ನೋಟಿಸ್ ಬೋರ್ಡಿಗೆ ಅಂಟಿಸಿದೆ.

ಇನ್ನು ನಾಯಿಗಳನ್ನು ಅಳೆಯುವವರು ಯಾರು? ಕೋಲಿದ್ದದ್ದು ಒಬ್ಬರ ಬಳಿ. ಅವರನ್ನೇ ಕೇಳಲು ಹೋದಾಗ ನನಗೆ ನಾಚಿಕೆಯಾಯಿತು, ಸುಳ್ಳೇಕೆ. ಅವರು ನೋಟಿಸನ್ನು ಎರಡು ಸಲ ಓದಿದರು. ಚಿಮಣಿ ಅವರ ಕಾಲ ಮೇಲೆ ಗದ್ದವೂರಿ ಮಲಗಿತ್ತು.

"ಇಕೀನ್ನ ಎಲ್ಲಿಗೆ ಕಳಸಬೇಕಂತ ಬರದಿಲ್ಲಲ್ರೀ," ಎಂದರು.

"ಊರಿಗೆ..." ಎಂದೆ.

"ಊರಾಗ ನನ್ನವರು ಅಂತ ಯಾರೂ ಇಲ್ರೀ ಈಗ. ಇಕೀಗೂ ನಾ ಒಬ್ಬನs." ನೋಟಿಸನ್ನು ನನ್ನ ಕೈಗಿಟ್ಟು, "ಇರ್ಲಿ. ಐತಾರ ಹತ್ತು ಗಂಟೆಕ್ಕ ಅಳೀತೀನಿ," ಎಂದರು.

ಆ ಭಾನುವಾರ ಇಡೀ ಬಿಲ್ಡಿಂಗ್ ಕೆಳಗಿಳಿದಿತ್ತು. ಅವರು ಕೋಟು, ಟೈ ಹಾಕಿಕೊಂಡು ಬಂದರು. ಕೋಲನ್ನು ನೆಲಕ್ಕೂರಿ ಗುಳ್ಳೆ ನೋಡಿ, "ಈ ನೆಲ ಸಪಾಟಿಲ್ಲ," ಎಂದರು. ಪಾರ್ಕಿಂಗಿಗೆ ಹೋದೆವು. ಅಲ್ಲಿಯೂ ಇಳಿಜಾರು. ಟೆರೇಸಿಗೆ ಹತ್ತಿದೆವು. ಅಲ್ಲಂತೂ ಗುಳ್ಳೆ ಒಂದು ಕಡೆಗೆ ಓಡಿಯೇ ಹೋಯಿತು. ಮೂವತ್ತು ಜನರ ಮೆರವಣಿಗೆ, ಮೂರು ನಾಯಿ, ಒಂದು ಕೋಲು. ಇಡೀ ಬಿಲ್ಡಿಂಗಿನಲ್ಲಿ ಗುಳ್ಳೆ ನಟ್ಟನಡುವೆ ನಿಂತದ್ದು ಒಂದೇ ಕಡೆ, ಲಿಫ್ಟಿನ ಒಳಗೆ. ಹಾಗಾಗಿ ಲಿಫ್ಟನ್ನು ಕೆಳಗೆ ನಿಲ್ಲಿಸಿ, ಬಾಗಿಲಿಗೆ ಇಟ್ಟಿಗೆ ಅಡ್ಡ ಇಟ್ಟು, ಅಲ್ಲೇ ಅಳತೆ ಶುರುವಾಯಿತು.

ಡಾಕ್ಟರರ ಬಿಳಿ ನಾಯಿ ಒಂದೂವರೆ ಅಡಿ, ಪಾಸ್. ಆಮೇಲೆ ಚಿಮಣಿ. ನಿಜ ಹೇಳುತ್ತೇನೆ, ಆ ಹೊತ್ತಿಗೆ ಯಾರಿಗೂ ಅದನ್ನು ಓಡಿಸುವ ಮನಸ್ಸಿರಲಿಲ್ಲ, ನನಗೂ ಸೇರಿ. ವಾಚ್‌ಮನ್ ಪಿಸುಗುಟ್ಟಿದ, "ಅಂಕಲ್, ಥೋಡಾ ಬಿಠಾ ದೋ ನಾ." ಸ್ವಲ್ಪ ಕೂರಿಸಿಬಿಡಿ ಎಂದು! ಬೆನ್ನು ತಗ್ಗಿಸುವ ಎಲ್ಲ ಆಟಗಳೂ ಅವರಿಗೆ ಗೊತ್ತಿದ್ದವು. ಆದರೆ ಚಿಮಣಿ ತಾನಾಗಿಯೇ ಸೋಮಾರಿಯಂತೆ ಒಂದು ಕಾಲು ಅಗಲಿಸಿ ನಿಂತಾಗ, ಅವರೇ ಬಗ್ಗಿ ಆ ಕಾಲನ್ನು ಎತ್ತಿ ನೆಟ್ಟಗೆ ಇಟ್ಟರು. ಒಂದು ಸಲ ಅಳೆದರು. ಎರಡು ಸಲ. ಮೂರು ಸಲ.

"ಇಪ್ಪತ್ತಾರೂವರಿ," ಎಂದರು. "ಎರಡು ಅಡಿ ಮ್ಯಾಲೆ ಎರಡೂವರಿ ಇಂಚು. ಬರಕೋರಿ ಟೀಚರ್ರ."

ನಾನು ಪೆನ್ನು ಹಿಡಿದು ನಿಂತೆ, ಬರೆಯಲಾಗಲಿಲ್ಲ. ಅಷ್ಟರಲ್ಲಿ ಬೆನ್ ತಮ್ಮ ಟೈಗರನನ್ನು ಎತ್ತಿಕೊಂಡು ಲಿಫ್ಟಿನೊಳಗೆ ಬಂದು, ನೆಲಕ್ಕಿಳಿಸಲು ಬಗ್ಗಿದರು.

"ನಿಂದರ್ರಿ," ಎಂದರು ಇವರು. ಆಮೇಲೆ ಇದು ದಿನಾ ಲಿಫ್ಟಿನಲ್ಲಿ ಹೇಗೆ ಬರುತ್ತದೆಂದು ಹಿಂದಿಯಲ್ಲಿ ಕೇಳಿದರು, "ಯೇ ರೋಜ್ ಲಿಫ್ಟ್ ಮೇಂ ಕೈಸೇ ಆತಾ ಹೈ?"

"ಗೋದ್ ಮೇಂ," ಎಂದು ಬೆನ್ ಹೆಮ್ಮೆಯಿಂದ ಮಗುವಿನಂತೆ ಅಪ್ಪಿಕೊಂಡು ತೋರಿಸಿದರು. "ಮೇರಾ ಟೈಗರ್ ಕಭೀ ನೀಚೇ ನಹೀಂ ಉತರ್ತಾ." ಅದು ಎಂದೂ ಕೆಳಗೇ ಇಳಿಯುವುದಿಲ್ಲವಂತೆ.

ಇವರು ನಮ್ಮ ಕಡೆ ತಿರುಗಿದರು. "ಕೇಳಿದ್ರಿಲ್ಲೋ? ಕೆಲಸದ ನಾಯೀನ ಅದರ ಕೆಲಸದ ಜಾಗಾದಾಗ ಅಳೀಬೇಕು. ಇದರ ಕೆಲಸ ಏನು? ತೊಡಿ ಮ್ಯಾಲೆ, ತೋಳಿನಾಗ ಇರೂದು. ಅಲ್ಲೇ ಅಳೀತೀನಿ." ಬೆನ್ ಬಾಯಿ ತೆರೆಯುವ ಮೊದಲೇ ಕೋಲು ಅವರ ಪಕ್ಕ ನಿಂತಿತ್ತು. ಹಿತ್ತಾಳೆಯ ತೋಳು ಕರಕರ ಎನ್ನುತ್ತ ಮೇಲೇರಿತು, ಏರಿತು, ಬೆನ್‌ರ ಕಿವಿಯೋಲೆಯ ಹತ್ತಿರಕ್ಕೆ ಹೋಗಿ ಟೈಗರನ ಹೆಗಲ ಮೇಲೆ ಕೂತಿತು. "ಐವತ್ತೊಂದು ಇಂಚು! ಬಿಲ್ಡಿಂಗಿನಾಗs ಎತ್ತರದ ನಾಯಿ!"

"ಯೇ ತೋ ಚೀಟಿಂಗ್ ಹೈ!" ಎಂದು ಬೆನ್ ಕಿರುಚಿದರು. ಟೈಗರ್ ಹೆದರಿ ಅವರ ಸೆರಗಿನ ಮೇಲೆಯೇ ತನ್ನ ಕೆಲಸ ಮುಗಿಸಿತು.

"ಎಲ್ಲಿಂದ ಎಲ್ಲೀ ತನಕ ಅಳೀಬೇಕಂತ ರೂಲಿನಾಗ ಬರದಿಲ್ರೀ. ಬರದವರು ಟೀಚರ್ರು, ಅವ್ರನ್ನs ಕೇಳ್ರಿ," ಎಂದು ಇವರು ಕೋಲಿನ ತೋಳು ಇಳಿಸಿದರು.

ಎಲ್ಲರೂ ನನ್ನನ್ನು ನೋಡಿದರು. ಮೂವತ್ತು ವರ್ಷ ಮಕ್ಕಳಿಗೆ ವಾಕ್ಯ ಪೂರ್ತಿ ಮಾಡಿ ಬರೆಯಿರಿ ಎಂದು ಬೆತ್ತ ಹಿಡಿದವಳು ನಾನು, ನನ್ನ ರೂಲಿನಲ್ಲೇ ಅರ್ಧ ವಾಕ್ಯ ಬಿಟ್ಟಿದ್ದೆ. ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕದ್ದೇ ತಡ, ಡಾಕ್ಟರು ನಕ್ಕರು, ವಾಚ್‌ಮನ್ ನಕ್ಕ, ಸೆರಗು ಹಿಂಡುತ್ತಿದ್ದ ಬೆನ್ ಕೂಡ ಕೊನೆಗೆ ನಕ್ಕರು. ನೋಟಿಸನ್ನು ನಾನೇ ಕಿತ್ತು ನಾಲ್ಕು ಚೂರು ಮಾಡಿದೆ. ಚಿಮಣಿ ಉಳಿಯಿತು.

ಕಥೆ ಇಲ್ಲಿಗೇ ಮುಗಿಯಿತೆಂದು ಬಿಲ್ಡಿಂಗಿನವರೆಲ್ಲ ಇವತ್ತಿಗೂ ತಿಳಿದಿದ್ದಾರೆ. ಅದೇ ಸಂಜೆ ಅವರು ನನ್ನ ಬಾಗಿಲಿಗೆ ಬಂದರು. ಕೋಟು ಇರಲಿಲ್ಲ. "ಇಂಗ್ಲೀಷಿನಾಗ ಒಂದು ಲೆಟರ್ ಬರದು ಕೊಡ್ರಿ. ಇನ್ನ ಮ್ಯಾಲೆ ಜಡ್ಜ್ ಕೆಲಸಕ್ಕ ಬರೂದಿಲ್ಲ ಅಂತ," ಎಂದರು.

"ಎಂತಕ್ಕೆ ಮಾರಾಯ್ರೆ? ಗೆದ್ದಿದ್ದೀರಲ್ಲ!"

"ಇವತ್ತ ಸುಳ್ಳ ಅಳತಿ ಹಾಕೀನ್ರೀ. ನಾಲ್ಕು ಕಾಲೂ ನೆಲದ ಮ್ಯಾಲೆ ಇರದs ಅಳತಿ ಹೆಂಗಾಗ್ತೈತಿ?"

"ಅದು ತಮಾಷೆಗೆ ಅಲ್ವಾ!"

"ನಿಮಗ ತಮಾಷಿ. ನಾ ಚಿಮಣಿ ಸಲುವಾಗಿ ಹಾಕಿದ್ದು." ಅವರು ತಮ್ಮ ಅಂಗೈಗಳನ್ನೇ ನೋಡಿಕೊಂಡರು. "ನಾಳೆ ರಿಂಗಿನಾಗ ಯಾವನರೆ ತನ್ನ ನಾಯಿ ಸಲುವಾಗಿ ಸುಳ್ಳ ಮಾಡಿದ್ರ, ನಾ ಯಾವ ಬಾಯೀಲೆ ಬೈಲಿ?"

ನಾನು ವಾದಿಸಿದೆ, ಗದರಿದೆ, ಕಾಫಿ ಕೊಟ್ಟೆ. ಕೊನೆಗೆ ಬರೆದುಕೊಟ್ಟೆ. ಅವರಿಗೆ ಅಷ್ಟು ಪ್ರೀತಿಯಿದ್ದ ಒಂದೇ ಕೆಲಸವನ್ನು ನನ್ನ ಐದು ಮೋದಕಗಳು ತಿಂದುಹಾಕಿದವು. ಅವರು ಲೆಟರನ್ನು ಓದಿ, ಅಂಚು ಎರಡೂ ಕಡೆ ಸಮವಿಲ್ಲವೆಂದು ಇನ್ನೊಮ್ಮೆ ಬರೆಸಿದರು.

ಆಮೇಲೆ ಅವರು ಎಂಟು ವರ್ಷ ಇದ್ದರು. ಶೋ ಇದ್ದ ಭಾನುವಾರಗಳಲ್ಲಿ ಚಿಮಣಿಯನ್ನು ಕರೆದುಕೊಂಡು ಬೇಕೆಂದೇ ಬೇರೆ ದಿಕ್ಕಿಗೆ ವಾಕಿಂಗ್ ಹೋಗುತ್ತಿದ್ದರು. ಕಳೆದ ವರ್ಷ ಹೋಳಿಯ ಮರುದಿನ, ಬೆಳಿಗ್ಗೆ ಚಹಾ ಕುಡಿಯುತ್ತ ಕೂತಲ್ಲೇ ಹೋದರು. ತಂದ ಚಟ್ಟ ನಾಲ್ಕು ಬೆರಳು ಗಿಡ್ಡವಾಗಿ ಕಾಲು ಹೊರಗೆ ಚಾಚಿಕೊಂಡಿತು. ಅವರು ಎದ್ದು ಕೂತು ಅದನ್ನು ವಾಪಸು ಕಳಿಸುತ್ತಾರೇನೋ ಎಂದು ನಾನು ನಿಜಕ್ಕೂ ಒಂದು ನಿಮಿಷ ಕಾದೆ. ಅಳುತ್ತ ನಕ್ಕೆ, ಜನ ನನ್ನನ್ನು ವಿಚಿತ್ರವಾಗಿ ನೋಡಿದರು. ಕೋಲು ಮತ್ತು ಚಿಮಣಿ ನನ್ನ ಮನೆಗೆ ಬಂದವು. ನಾಯಿ ಕಂಡರೆ ಐಸ್‌ಕ್ರೀಮ್ ಗಾಡಿಯ ಹಿಂದೆ ಅಡಗುತ್ತಿದ್ದವಳ ಮಂಚದ ಕೆಳಗೆ ಹನ್ನೊಂದು ವರ್ಷದ ಮುದುಕಿ ನಾಯಿಯೊಂದು ಗೊರಕೆ ಹೊಡೆಯತೊಡಗಿತು.

ಒಂದು ದಿನ ಸುಮ್ಮನೆ ಕೋಲನ್ನು ಒರೆಸುತ್ತಿದ್ದೆ. ಚಿಮಣಿ ತಾನಾಗಿಯೇ ಎದ್ದು ಬಂದು ಅದರ ಪಕ್ಕ ನಾಲ್ಕೂ ಕಾಲೂರಿ ನಿಂತಿತು. ತಿಂಗಳಿಗೊಮ್ಮೆಯ ಅಭ್ಯಾಸ. ನಮ್ಮ ಮನೆಯ ನೆಲ ಸಪಾಟಿಲ್ಲ, ಆದ್ದರಿಂದ ಅದನ್ನು ಲಿಫ್ಟಿಗೆ ಕರೆದೊಯ್ದು, ಇಟ್ಟಿಗೆ ಅಡ್ಡ ಇಟ್ಟು, ಗುಳ್ಳೆ ನೋಡಿ ಅಳೆದೆ. ಹಿತ್ತಾಳೆಯ ತೋಳು ಕೆಂಪು ದಾರದ ಮೇಲೆ ಕೂತಿತು. ನನ್ನ ಕೈ ತಪ್ಪಿರಬೇಕೆಂದು ಮತ್ತೆ ಅಳೆದೆ. ಮೂರನೇ ಸಲವೂ ಇಪ್ಪತ್ತಾರು. ವಯಸ್ಸಾಗಿ ಚಿಮಣಿ ಅರ್ಧ ಇಂಚು ಕುಗ್ಗಿತ್ತು! ಮೇಲೆ ಐದನೇ ಮಾಳಿಗೆಯವರು ಲಿಫ್ಟ್ ಬಿಡಿ ಎಂದು ಕೂಗುತ್ತಿದ್ದರು. ಕುಗ್ಗುತ್ತದೆ ಮಾರಾಯ್ರೆ, ಬೆಳೆದದ್ದೂ ಕುಗ್ಗುತ್ತದೆ ಎಂದು ನಾನು ಖಾಲಿ ಲಿಫ್ಟಿನೊಳಗೆ ಗಟ್ಟಿಯಾಗಿ ಹೇಳಿದೆ.

ಶೋಗಳಲ್ಲಿ ಮುದಿ ನಾಯಿಗಳಿಗೂ ಒಂದು ಪಂದ್ಯ ಇರುತ್ತದಂತೆ, ವಿಚಾರಿಸಿ ಫಾರ್ಮ್ ತುಂಬಿದೆ. ಈ ಜನವರಿಯಲ್ಲಿ, ಅದೇ ಪವಾಯಿಯ ಮೈದಾನದಲ್ಲಿ, ಇಳಕಲ್ ಸೀರೆ ಉಟ್ಟು, ಹಗ್ಗ ಹಿಡಿದು ರಿಂಗಿಗಿಳಿದೆ. ನಾಲ್ಕು ನಾಯಿಗಳಿದ್ದವು. ಓಡಿ ತೋರಿಸಿ ಎಂದರು. ಮೂರು ನಾಯಿಗಳು ಓಡಿದವು. ಚಿಮಣಿ ಅರ್ಧ ದಾರಿಯಲ್ಲಿ ಕೂತು ಕಿವಿ ಕೆರೆದುಕೊಂಡಿತು, ನಾನೊಬ್ಬಳೇ ಓಡಿ ಮುಗಿಸಿದೆ. ನಾಲ್ಕರಲ್ಲಿ ನಾಲ್ಕನೇ ಸ್ಥಾನ. ಜಡ್ಜ್ ಯಾರೋ ಹೊಸಬಳು, ಪ್ಯಾಂಟು ಹಾಕಿದ ಸಣ್ಣ ವಯಸ್ಸಿನವಳು. ಆಕೆ ತನ್ನ ಕೋಲು ಹಿಡಿದು ಬಂದಾಗ ಚಿಮಣಿ ಒಮ್ಮೆಲೇ ಎದ್ದು, ಯಾರೂ ಹೇಳದೆ, ನಾಲ್ಕೂ ಕಾಲೂರಿ ನೆಟ್ಟಗೆ ನಿಂತಿತು.

ಆಕೆ ಒಂದು ಸಲ ಅಳೆದು ಬರೆಯಲು ಹೊರಟಳು. "ಮೂರು ಸಲ ಅಳೀಬೇಕು," ಎಂದೆ. ನನ್ನ ಮುಖ ನೋಡಿ, ಪಾಪ, ಮೂರು ಸಲ ಅಳೆದಳು. ಆಮೇಲೆ ಚಿಮಣಿಯ ತಲೆ ಸವರಿ, "ಹೈಟ್ ಬರೋಬರ್ ಹೈ, ಆಂಟಿ," ಎಂದಳು.

ಬಹುಮಾನ ಏನೂ ಬರಲಿಲ್ಲ. ಎತ್ತರದ ಮುಂದೆ "ಸರಿ" ಎಂದು ಗುರುತು ಹಾಕಿದ ಚೀಟಿಯೊಂದನ್ನು ಕೊಟ್ಟರು. ಕೆಳಗಿನ ಬೋರ್ಡಿನಲ್ಲಿ ಅವರ ಹೆಸರಿನ ಜಾಗ ಖಾಲಿ ಇತ್ತಲ್ಲ, ಚೀಟಿಯನ್ನು ಅಲ್ಲಿ ಅಂಟಿಸಿದ್ದೇನೆ. ನಾಲ್ಕೂ ಅಂಚುಗಳನ್ನು ಅವರ ಕೋಲಿನಿಂದ ಅಳೆದು, ಗುಳ್ಳೆ ನೋಡಿಯೇ ಅಂಟಿಸಿದ್ದು.